ಕೈ ತೊಳೆಯುವ ವರೆಗೆ

ತಮ್ಮ ಊಟಕ್ಕೆ ಬರುತ್ತಾನೆ ಎಂದು ಖಚಿತವಾದ ದಿನದಿಂದ ಈಶ್ವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಕ್ಕನ ಮನೆಗೆ ತಮ್ಮ ಬರುವುದರಲ್ಲಿ ಏನು ದೊಡ್ಡ ವಿಶೇಷ ಎಂದು ಕೇಳುವವರು ಕೇಳಬಹುದು. ನೀರ್ಚಾಲಿನಿಂದ ಬಂದ್ಯೋಡಿಗೆ ದಾರಿ ಏನೂ ದೂರವಲ್ಲ. ಕುಂಬಳೆಯಲ್ಲಿ ಬಸ್ಸು ಬದಲಿಸಿದರೆ ಮುಗಿಯಿತು. ಆದರೆ ತಾಯಿ ಪಕ್ಷವಾತವಾಗಿ ಹಾಸಿಗೆ ಹಿಡಿದು ನಾಲ್ಕು ವರ್ಷ ಕಳೆದಿತ್ತು. ಆ ನಾಲ್ಕು ವರ್ಷಗಳಲ್ಲಿ ಗಣೇಶಪ್ರಸಾದ ಎಲೆಯ ಮುಂದೆ ಕಾಲು ಮಡಚಿ ಕೂತು ಸಮಾಧಾನದಲ್ಲಿ ಒಂದು ಹೊತ್ತು ಉಂಡದ್ದನ್ನು ಅವಳು ನೋಡಿರಲಿಲ್ಲ. ವಿಲ್ಲೇಜ್ ಆಫೀಸಿನ ಕೆಲಸದಿಂದ ನಿವೃತ್ತನಾದ ಮೇಲೆ ತಾಯಿಯ ಚಾಕರಿಯೇ ಅವನ ಕೆಲಸ. ಹೆಂಡತಿ ಶ್ರೀರಂಜಿನಿಗೆ ಸೊಂಟದ ನೋವು; ಭಾರ ಎತ್ತುವ ಹಾಗಿಲ್ಲ. ತಾಯಿಯನ್ನು ಎತ್ತುವುದು, ಮಗ್ಗುಲು ಬದಲಿಸುವುದು, ಮೀಯಿಸುವುದು, ಎಲ್ಲ ಅವನೇ. ಅವನ ಊಟವೆಂದರೆ ಅಡುಗೆಮನೆಯಲ್ಲಿ ನಿಂತುಕೊಂಡು, ಕೈಯಲ್ಲಿ ಬಟ್ಟಲು, ಕಿವಿ ಒಳಗಿನ ಕೋಣೆಯ ಕಡೆಗೆ. ತಾಯಿ ಸ್ವಲ್ಪ ನರಳಿದರೂ ಸಾಕು, ಬಟ್ಟಲು ಸಿಕ್ಕಿದಲ್ಲಿ ಕುಕ್ಕಿ ಓಡುವನು. ಹಿಂದೆ ಬಂದು ನೋಡುವಾಗ ಅನ್ನ ಆರಿ ಬಿರುಸಾಗಿರುತ್ತಿತ್ತು. ಈಶ್ವರಿ ತಾಯಿಯನ್ನು ನೋಡಲು ಹೋದಾಗಲೆಲ್ಲ ಇದನ್ನು ಕಂಡು, ಮರಳುವಾಗ ಬಸ್ಸಿನಲ್ಲಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು. ತಾಯಿಗಾಗಿ ಅತ್ತದ್ದೆಷ್ಟು, ತಮ್ಮನಿಗಾಗಿ ಅತ್ತದ್ದೆಷ್ಟು ಎಂದು ಅವಳಿಗೇ ಗೊತ್ತಿರಲಿಲ್ಲ.

ಅವನಿಗೆ ಅರುವತ್ತು ತುಂಬಿದಾಗ ನೆಂಟರು ಷಷ್ಟ್ಯಬ್ದಿಯ ಮಾತೆತ್ತಿದರು. "ಅಬ್ಬೆ ಹಾಗೆ ಮಲಗಿರುವಾಗ ನಾನು ಹಾರ ಹಾಕಿಕೊಂಡು ಕೂತುಕೊಳ್ಳುದಾ?" ಎಂದು ಅವನು ಬಾಯಿ ಮುಚ್ಚಿಸಿದ. ಈಶ್ವರಿ ಮಾತ್ರ ಬಿಡಲಿಲ್ಲ.

"ಹಾರ ಬೇಡ, ಹೋಮ ಬೇಡ. ಒಂದು ಮಧ್ಯಾಹ್ನ ನನ್ನ ಮನೆಯಲ್ಲಿ ಕೂತು ಉಣ್ಣು. ನಾನು ಮತ್ತೆ ನಿನ್ನ ಹತ್ರ ಎಂತದೂ ಕೇಳುದಿಲ್ಲ."

ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಅವನು ಮುಂದೆ ಹಾಕುತ್ತಲೇ ಬಂದ. ಕಡೆಗೆ ಶ್ರೀರಂಜಿನಿಯೇ, "ಒಂದು ಹೊತ್ತು ನಾನು ನೋಡಿಕೊಳ್ತೇನೆ, ಹೋಗಿ ಮಾರಾಯ್ರೆ. ಅತ್ತಿಗೆಯ ಫೋನು ಕೇಳಿ ಕೇಳಿ ನನಗೆ ಸಾಕಾಯ್ತು" ಎಂದು ಅವನನ್ನು ಮನೆಯಿಂದ ಹೊರಡಿಸಿದಳು.

ಈಶ್ವರಿಯ ಮನೆಗೆ ಬಂದವರು ಬರಿಹೊಟ್ಟೆಯಲ್ಲಿ ಮರಳಿದ್ದಿಲ್ಲ. ಹೆದ್ದಾರಿ ಅಗಲವಾಗುವಾಗ ಅಂಗಳದ ಅರ್ಧ ಹೋಗಿ, ಮನೆ ಈಗ ರಸ್ತೆಗೆ ಆನಿಕೊಂಡ ಹಾಗೆ ಇತ್ತು. ಅದೂ ಒಳ್ಳೆಯದೇ ಆಯಿತು, ಹೋಗುವವರು ಬರುವವರು ಹತ್ತಿರವಾದರು ಎಂದು ಅವಳು ಹೇಳುತ್ತಿದ್ದಳು. ಕರೆಂಟಿನ ಮೀಟರು ನೋಡಲು ಬರುವ ಯೋಗೀಶ ಆ ಸಾಲಿನ ಮನೆಗಳನ್ನೆಲ್ಲ ಮುಗಿಸಿ ಇವರ ಮನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದ. "ಅಮ್ಮಾ, ಮೀಟರನ್ನು ಮತ್ತೆ ನೋಡಿದರೂ ಆಗ್ತದೆ, ದೋಸೆ ತಣಿದರೆ ಆಗುದಿಲ್ಲ" ಎನ್ನುತ್ತಿದ್ದ. ಅವಳ ಗಂಡ ಶಿವಸುಬ್ರಹ್ಮಣ್ಯರು ಶಾಲೆಯ ಹೆಡ್‌ಮಾಸ್ಟರಾಗಿದ್ದವರು, ಮಡಿ ಆಚಾರದಲ್ಲಿ ಕೂದಲು ಸೀಳುವ ಮನುಷ್ಯ. ಮೂರು ಹೊತ್ತಿನ ಸಂಧ್ಯಾವಂದನೆ ಒಂದು ದಿನವೂ ತಪ್ಪಿದವರಲ್ಲ. ಪರಿಷೇಚನೆ ಮಾಡಿ ಎಲೆಯ ಸುತ್ತ ನೀರು ಬಿಟ್ಟ ಮೇಲೆ ಕೈ ತೊಳೆಯುವ ವರೆಗೆ ಮೌನ. ಬೇಕಾದರೆ ತಲೆ ಹಂದಾಡುವುದು, ಬೇಡವಾದರೆ ಎಡಗೈ ಅಡ್ಡ ಬರುವುದು. ಮದುವೆಯಾದಂದಿನಿಂದ ಎಲೆಯ ಮುಂದೆ ಅವರ ಸ್ವರವನ್ನು ಈಶ್ವರಿ ಕೇಳಿದವಳಲ್ಲ. ಊಟದ ಹೊತ್ತಿನ ಮಾತಿನ ಭಾರವೆಲ್ಲ ಅವಳ ಮೇಲೆಯೇ ಬೀಳುತ್ತಿತ್ತು. ಅವಳಿಗೆ ಅದು ಭಾರವೇನೂ ಆಗಿರಲಿಲ್ಲ.

ಆ ದಿನ ಅವಳು ಬೆಳಕು ಹರಿಯುವ ಮೊದಲೇ ಮಿಂದು ಒಲೆಯ ಮುಂದೆ ನಿಂತಳು. ಎಳೆ ಹಲಸಿನ ಗುಜ್ಜೆಯನ್ನು ಎಣ್ಣೆ ಸವರಿದ ಕತ್ತಿಯಿಂದ ಕೊಚ್ಚಿ ಪಲ್ಯ ಮಾಡಿದಳು. ಒಂದೆಲಗದ ತಂಬುಳಿ, ಕಾಯಿ ಅರೆದು ಹಾಕಿದ ಸೌತೆಕಾಯಿಯ ಕೊದಿಲು, ಪುನರ್ಪುಳಿಯ ಸಾರು. ಸಾರಿಗೆ ತುಪ್ಪದಲ್ಲಿ ಜೀರಿಗೆ ಮತ್ತು ಒಣಮೆಣಸಿನ ಒಗ್ಗರಣೆ. ಅದು ತಾಯಿಯ ಕ್ರಮ. ಕಡ್ಲೆಬೇಳೆ ಪಾಯಸಕ್ಕೆ ಕಾಯಿಹಾಲನ್ನು ಕೈಯಿಂದಲೇ ಹಿಂಡಿದಳು. ಬೇಳೆ ಬೆರಳಿಗೆ ಸಿಕ್ಕಿದರೆ ಮುದ್ದೆಯಾಗಬೇಕು, ಪಾತ್ರೆಯಲ್ಲಿ ಮಾತ್ರ ಬಿಡಿಬಿಡಿಯಾಗಿ ಕಾಣಬೇಕು. ಬೆಲ್ಲ ಕರಗಿ ಎರಡನೆಯ ಹಾಲು ಕುದಿಯುವಾಗ ಎದ್ದ ಪರಿಮಳ ರಸ್ತೆಯ ವರೆಗೆ ಹೋಯಿತು.

ಗಣೇಶಪ್ರಸಾದ ಬಂದವನೇ ಜಗಲಿಯಲ್ಲಿ ಮೂಗು ಅರಳಿಸಿ ನಿಂತ.

"ಅಕ್ಕಾ, ಬಸ್ಸಿಳಿದವನಿಗೆ ದಾರಿ ಕೇಳುವ ಕೆಲಸವೇ ಇಲ್ಲ. ಮೂಗು ಹೋದಲ್ಲಿಗೆ ಹೋದರೆ ನಿನ್ನ ಮನೆ."

"ಬಾಯಿ ಸಾಕು, ಮೊದಲು ಕಾಲು ತೊಳಿ. ಅಬ್ಬೆ ಹೇಗಿದ್ದಾಳೆ?"

"ಹಾಗೇ ಇದ್ದಾಳೆ. ಹೊರಡುವಾಗ ಹೇಳಿದೆ, ಅಕ್ಕನಲ್ಲಿಗೆ ಊಟಕ್ಕೆ ಹೋಗ್ತೇನೆ ಅಂತ. ಕಣ್ಣು ಮುಚ್ಚಿಕೊಂಡು ಮೋರೆ ಆಚೆ ಮಾಡಿದಳು. ಅವಳನ್ನು ಕರೆದುಕೊಂಡು ಬರಲಿಲ್ಲ ಅಂತ ಕೋಪ."

ಅಕ್ಕ ತಮ್ಮ ಇಬ್ಬರೂ ನಕ್ಕರು. ಈಶ್ವರಿ ಬೆಲ್ಲ ಮತ್ತು ನೀರು ತಂದಿಟ್ಟಳು. ಅವನು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿ, ತಂಬಿಗೆ ಎತ್ತಿ ಗಟಗಟನೆ ಕುಡಿದ. ಅಂಗಿ ತೆಗೆದು ಚಾವಡಿಯ ಗೂಟಕ್ಕೆ ತೂಗಿಸಿ ಶಾಲು ಹೊದ್ದು ಒಳಗೆ ಬಂದ. ಅವನ ಕೊರಳ ಎಲುಬು ಎದ್ದು ಕಾಣುವುದನ್ನು ನೋಡಿ ಅವಳು ಮನಸ್ಸಿನಲ್ಲೇ ಪಾಯಸದ ಸೌಟನ್ನು ಇನ್ನೊಂದು ಸಲ ಎಣಿಸಿಕೊಂಡಳು.

ಎರಡು ಎಲೆ ಹಾಕಿದಳು. ಉಪ್ಪು, ಮಾವಿನ ಮಿಡಿ, ಪಲ್ಯ, ತಂಬುಳಿ, ಹಪ್ಪಳ, ಎಲೆಯ ಕೊಡಿಯಲ್ಲಿ ಒಂದು ಚಮಚ ಪಾಯಸ. ಬಿಸಿ ಅನ್ನದ ಮೇಲೆ ತುಪ್ಪ. ಭಾವ, ಮೈದುನ ಇಬ್ಬರೂ ನೀರು ಸುತ್ತುಗಟ್ಟಿ ಉಣ್ಣತೊಡಗಿದರು.

"ಆಹಾ" ಎಂದ ಗಣೇಶಪ್ರಸಾದ. "ಈ ಗುಜ್ಜೆ ಎಲ್ಲಿಯದು?"

"ಎಲ್ಲಿಯದಾದರೂ ಆಗಲಿ, ನೀನು ಉಣ್ಣು. ಇನ್ನೊಂದು ಸ್ವಲ್ಪ ಹಾಕ್ತೇನೆ."

"ಸಾಕು ಮಾರಾಯ್ತಿ."

"ಎಂತ ಸಾಕು? ಹಕ್ಕಿಗೆ ಹಾಕಿದಷ್ಟು ಹಾಕಿದ್ದೇನೆ."

"ಭಾವಾ, ನೋಡಿದಿರಾ? ಈ ಮನೆಯಲ್ಲಿ ಸಾಕು ಅಂದರೆ ಇನ್ನೆರಡು ಸೌಟು ಬೀಳ್ತದೆ. ಬೇಡ ಅಂದರೆ ಪಾತ್ರೆಯೇ ಬೀಳ್ತದೆ. ನೀವು ಮೌನ ಹಿಡಿದದ್ದು ಯಾಕೆ ಅಂತ ನನಗೆ ಈಗ ಗೊತ್ತಾಯ್ತು."

ಶಿವಸುಬ್ರಹ್ಮಣ್ಯರು ತಲೆ ಎತ್ತದೆ ಮೀಸೆಯಲ್ಲೇ ನಕ್ಕರು.

ಸಾರು ತರಲು ಈಶ್ವರಿ ಒಳಗೆ ಹೋದಳು. ಆಗಲೇ ಅಡುಗೆಮನೆಯ ಕಿಟಿಕಿಯಲ್ಲಿಟ್ಟಿದ್ದ ಅವಳ ಫೋನು ರಿಂಗಾಯಿತು. ಶ್ರೀರಂಜಿನಿ. ಊಟ ಹೇಗಾಯಿತು ಎಂದು ಕೇಳಲು ಮಾಡಿದ್ದಾಳೆ ಎಂದುಕೊಂಡು ಈಶ್ವರಿ ನಗುತ್ತಲೇ ಎತ್ತಿದಳು.

"ಈಗಷ್ಟೆ ಕೂತ ಮಾರಾಯ್ತಿ. ಪಲ್ಯ ಎರಡು ಸಲ ಹಾಕಿದೆ."

ಅತ್ತ ಕಡೆಯಿಂದ ಅಳುವ ಸಣ್ಣ ಸ್ವರ. "ಅತ್ತಿಗೆ... ಅತ್ತೆ ಹೋದರು."

ಈಶ್ವರಿ ಕಿಟಿಕಿಯ ಸರಳು ಹಿಡಿದುಕೊಂಡಳು.

"ಗಂಜಿಯ ತೆಳಿ ಕುಡಿಸಿದ್ದು. ಎರಡು ಚಮಚ ಒಳಗೆ ಹೋಯಿತು. ಬಾಯಿ ಒರಸಿ, ಬಟ್ಟೆ ಬದಿಗಿಟ್ಟು ತಿರುಗಿ ನೋಡುವಾಗ ಉಸಿರು ಇಲ್ಲ. ಡಾಕ್ಟರೂ ಬಂದು ನೋಡಿ ಆಯ್ತು. ಇವರಿಗೆ ಫೋನು ಮಾಡಿ ಮಾಡಿ ಸಾಕಾಯ್ತು, ಎತ್ತುದಿಲ್ಲ. ಇವರ ಹತ್ರ ನಾನು ಹೇಗೆ ಹೇಳುದು ಅತ್ತಿಗೆ?"

"ಅವನು ಎಲೆಯ ಮುಂದೆ ಇದ್ದಾನೆ" ಎಂದಳು ಈಶ್ವರಿ.

ಶ್ರೀರಂಜಿನಿಯ ಅಳು ಫಕ್ಕನೆ ನಿಂತಿತು. ಅವಳೂ ಅದೇ ಸಂಸ್ಕಾರದ ಮನೆಯಲ್ಲಿ ಹುಟ್ಟಿದವಳು. "ಅನ್ನ ಕಲಸಿ ಆಯಿತಾ?"

"ಆಯಿತು."

"ಹಾಗಾದರೆ ನೀವೇ ನೋಡಿ ಹೇಳಿ" ಎಂದು ಅವಳು ಫೋನು ಇಟ್ಟಳು.

ಉಣ್ಣುವವನಿಗೆ ಸಾವಿನ ಸುದ್ದಿ ಹೇಳಬಾರದು, ಅನ್ನದಿಂದ ಎಬ್ಬಿಸಬಾರದು. ಇದು ಅವರ ಮನೆಯಲ್ಲಿ ತಾಯಿಯೇ ನಡೆಸಿಕೊಂಡು ಬಂದ ಕ್ರಮ. ಈಶ್ವರಿ ಹುಡುಗಿಯಾಗಿದ್ದಾಗ, ಊಟಕ್ಕೆ ಬಂದಿದ್ದ ನೆಂಟರೊಬ್ಬರ ಮನೆಯಿಂದ ಇಂಥದೇ ಸುದ್ದಿ ಹಿಡಿದು ಒಬ್ಬ ಆಳು ಓಡಿ ಬಂದಿದ್ದ. ತಾಯಿ ಅವನನ್ನು ಹಟ್ಟಿಯ ಬದಿಯಲ್ಲೇ ತಡೆದು ಕೂರಿಸಿ, ಅವನಿಗೂ ಒಂದು ಎಲೆ ಹಾಕಿಸಿ, ಒಳಗೆ ನೆಂಟರು ಉಂಡು ಕೈ ತೊಳೆದ ಮೇಲೆಯೇ ಬಾಯಿ ಬಿಡಿಸಿದ್ದಳು. "ಹೋದವರು ಹೋದರು. ಇವರಿಗೆ ಇನ್ನು ಹತ್ತು ದಿನ ಅನ್ನ ಸರಿಯಾಗಿ ಇಳಿಯುವುದಿಲ್ಲ" ಎಂದಿದ್ದಳು.

ಆದರೆ ಅದೇ ತಾಯಿ ಇನ್ನೊಂದನ್ನೂ ಕಲಿಸಿದ್ದಳು. ಸೂತಕ ಕಿವಿಗೆ ಬಿದ್ದ ಗಳಿಗೆಯಿಂದ ಅದು ಮೈಗೆ ಬಂದ ಹಾಗೆ. ಆ ಮೇಲೆ ಅನ್ನದ ಪಾತ್ರೆ ಮುಟ್ಟುವಂತಿಲ್ಲ, ಒಬ್ಬರಿಗೆ ಬಡಿಸುವಂತಿಲ್ಲ. ಮದುವೆಯಾಗಿ ಹೋದ ಮಗಳಿಗೂ ತಾಯಿಯ ಸೂತಕ ಮೂರು ದಿನ ಉಂಟು. ಬೇರೆ ಮನೆಯಾಗಿದ್ದರೆ ಕೇಳಿದವಳು ಹಿಂದೆ ಸರಿದು, ಕೇಳದ ಇನ್ನೊಬ್ಬಳು ಸೌಟು ಹಿಡಿಯುತ್ತಿದ್ದಳು. ಇಲ್ಲಿ ಇನ್ನೊಬ್ಬಳು ಇರಲಿಲ್ಲ. ಬಡಿಸದೆ ನಿಂತರೆ ತಮ್ಮನಿಗೆ ಗೊತ್ತಾಗುತ್ತದೆ. ಗೊತ್ತಾದರೆ ಅನ್ನ ಅರ್ಧದಲ್ಲಿ ಬಿಟ್ಟು ಏಳುತ್ತಾನೆ.

ಅವಳು ದೇವರ ಕೋಣೆಯ ಕಡೆಗೆ ನೋಡಿದಳು. ಬೆಳಿಗ್ಗೆ ಹಚ್ಚಿದ ದೀಪ ಇನ್ನೂ ಇತ್ತು. "ಗೋಪಾಲಕೃಷ್ಣಾ, ಸ್ವಲ್ಪ ಹೊತ್ತು ಆಚೆ ನೋಡು" ಎಂದಳು. ಮೋರೆಯನ್ನು ಸೆರಗಿನಿಂದ ಒತ್ತಿ ಒರಸಿ, ಸಾರಿನ ಪಾತ್ರೆ ಎತ್ತಿಕೊಂಡಳು. ಅವಳ ಜೀವಮಾನದಲ್ಲಿ ಮೈಲಿಗೆಯ ಕೈಯಿಂದ ಅನ್ನದ ಪಾತ್ರೆ ಮುಟ್ಟಿದ್ದು ಅದೇ ಮೊದಲು.

"ಯಾರದ್ದು ಫೋನು?"

"ಯಾರೋ. ಬ್ಯಾಂಕಿನವರದ್ದಂತೆ. ಸಾರು ಹಾಕ್ತೇನೆ, ಅನ್ನದ ನಡುವೆ ಗುಂಡಿ ಮಾಡು."

ಕೆಂಪು ಸಾರು ಬಿಳಿ ಅನ್ನದ ನಡುವೆ ಇಳಿಯಿತು. ಅವನು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. "ಅಕ್ಕಾ, ಅಬ್ಬೆಯ ಕೈಯ ಸಾರು ಇದು. ಮೊನ್ನೆ ಎಂತಾಯ್ತು ಗೊತ್ತುಂಟಾ? ನಾನು ಸಾರಿಗೆ ಉಪ್ಪು ಹಾಕಲು ಮರೆತೆ. ಒಂದು ಚಮಚ ಬಾಯಿಗೆ ಹಾಕಿದ್ದಷ್ಟೆ, ನಾಲಿಗೆ ಹೊರಗೆ ಹಾಕಿ ನನ್ನನ್ನು ನೋಡಿದಳು ನೋಡು! ಮಾತು ಹೊರಡುವುದಿಲ್ಲ, ಕೈ ಏಳುವುದಿಲ್ಲ, ಆ ನೋಟದಲ್ಲೇ ಬೈದಳು. ರಂಜಿನಿ ನಕ್ಕು ನಕ್ಕು ಸೊಂಟ ಹಿಡಿದುಕೊಂಡಳು."

ಈಶ್ವರಿಯೂ ನಕ್ಕಳು. ನಗಲೇಬೇಕಿತ್ತು.

ಗಂಡನ ಎಲೆಯ ಹತ್ತಿರ ಬಂದಾಗ ಅವಳ ಕೈ ಮುಂದೆ ಹೋಗಲಿಲ್ಲ. ತಮ್ಮ ಒಂದೇ ಹೊಟ್ಟೆಯಿಂದ ಬಂದವನು. ತನ್ನ ಕೈಯಲ್ಲಿದ್ದ ಸೂತಕ ಅವನದೂ ಹೌದು, ಅವನಿಗೆ ತಿಳಿದಿಲ್ಲ ಅಷ್ಟೆ. ಆದರೆ ಇವರು? ಬೆಳಿಗ್ಗೆ ಮಿಂದು ಮಡಿಯುಟ್ಟು ಪೂಜೆ ಮಾಡಿ ಕೂತವರು. ಇವರನ್ನು ತಿಳಿದೂ ತಿಳಿದೂ ಕೆಡಿಸುವುದೇ? ಅವಳು ಸಾರಿನ ಪಾತ್ರೆಯನ್ನು ಅವರ ಎಲೆಯ ಆಚೆ ನೆಲದಲ್ಲಿಟ್ಟು, "ನೀವು ಬೇಕಾದಷ್ಟು ಹಾಕಿಕೊಳ್ಳಿ" ಎಂದಳು.

ಎಂಜಲು ಕೈಯವರಿಗೆ ಪಾತ್ರೆಯಿಂದ ಹಾಕಿಕೊಳ್ಳಿ ಎಂದು ಹೇಳುವುದುಂಟೇ? ಶಿವಸುಬ್ರಹ್ಮಣ್ಯರು ತಲೆ ಎತ್ತಿ ನೋಡಿದರು. ಅವಳು ಆಗಲೇ ಕೊದಿಲು ತರಲು ಒಳಗೆ ನಡೆದಿದ್ದಳು.

ಕೊದಿಲಿಗೂ ಹಾಗೆಯೇ ಆಯಿತು. ತಮ್ಮನ ಎಲೆಗೆ ಸೌಟು ಸೌಟಾಗಿ ಬಿತ್ತು. ಗಂಡನ ಎಲೆಯಲ್ಲಿ ತುಪ್ಪದ ಅನ್ನ ಹಾಗೇ ಇತ್ತು. ಅವರು ಅದನ್ನೇ ಬೆರಳಿನಿಂದ ಮೆಲ್ಲ ಮೆಲ್ಲ ಕಲಸುತ್ತ ಇದ್ದರು.

ಚಾವಡಿಯಲ್ಲಿ ಗೂಟಕ್ಕೆ ತೂಗಿಸಿದ್ದ ಅಂಗಿಯ ಕಿಸೆಯಲ್ಲಿ ಗಣೇಶಪ್ರಸಾದನ ಫೋನು ಗುಂಯ್ ಗುಂಯ್ ಎಂದು ಗೋಡೆಗೆ ಬಡಿಯುತ್ತಿತ್ತು. ಈಶ್ವರಿಗೆ ಕೇಳಿಸಿತು. ಅವನಿಗೆ ಕೇಳಿಸದಿರಲಿ ಎಂದು ಅವಳು ಮಾತಿನ ಸ್ವರ ಏರಿಸಿದಳು. ಹಪ್ಪಳ ಮುರಿದು ಮುರಿದು ಹಾಕಿದಳು. ಬಾಲ್ಯದಲ್ಲಿ ಅವನು ಪಾಯಸದ ಪಾತ್ರೆಗೆ ಬಗ್ಗಿ ತಲೆ ಸಿಕ್ಕಿಸಿಕೊಂಡ ಕತೆ ತೆಗೆದಳು.

"ಅದು ಸುಳ್ಳು ಕತೆ" ಎಂದ ಅವನು. "ತಲೆ ಸಿಕ್ಕಿದ್ದು ನಿನ್ನದು. ಬೇಕಾದರೆ ಅಬ್ಬೆಯ ಹತ್ರ ಕೇಳುವ. ಹೌದು ಅಂತಾದರೆ ಒಂದು ಸಲ ಕಣ್ಣು ಮುಚ್ಚು ಅಂತ ಹೇಳಿದರೆ ಮುಚ್ತಾಳೆ."

ಈಶ್ವರಿ ಪಾಯಸ ತರುವ ನೆಪದಲ್ಲಿ ಒಳಗೆ ಓಡಿದಳು. ಒಲೆಯ ಮುಂದೆ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳುವುದಕ್ಕೂ ಅಷ್ಟು ಹೊತ್ತು ಇರಲಿಲ್ಲ.

ಪಾಯಸವನ್ನು ತಮ್ಮನ ಎಲೆಗೆ ಬಡಿಸಿದಳು. ಅವನು ಕೈಯನ್ನು ದೋಣಿಯ ಹಾಗೆ ಬಾಗಿಸಿ ಸೊರಸೊರನೆ ಉಂಡ. ಇನ್ನೂ ಬಡಿಸಿದಳು. ಬೇಡವೆನ್ನಲಿಲ್ಲ. ಅವನ ಹಣೆಯ ಗೆರೆ ಸಡಿಲವಾಗಿತ್ತು. ಹೆಗಲು ಇಳಿದಿತ್ತು. ನಾಲ್ಕು ವರ್ಷಗಳಿಂದ ಒಳಗಿನ ಕೋಣೆಯ ಕಡೆಗೆ ನೆಟ್ಟಿದ್ದ ಕಿವಿ ಇವತ್ತು ಯಾವ ಕಡೆಗೂ ಇರಲಿಲ್ಲ. ಇದನ್ನೇ ಅಲ್ಲವೇ ತಾನು ನೋಡಬೇಕೆಂದು ಕಾದದ್ದು ಎಂದು ಅವಳು ಯೋಚಿಸಿದಳು. ದೇವರು ಕೊಟ್ಟನು, ಹೀಗೆ ಕೊಟ್ಟನು.

"ಅಕ್ಕಾ, ಅಬ್ಬೆಗೂ ಒಂದು ಡಬ್ಬಿಯಲ್ಲಿ ಹಾಕು. ಬೇಳೆ ಬೇಡ, ಗಂಟಲಿಗೆ ಸಿಕ್ಕಿಕೊಳ್ತದೆ. ಬರೀ ರಸ. ನಾಲಿಗೆಗೆ ಹಚ್ಚಿದರೂ ಸಾಕು, ಕೋಪ ಇಳೀತದೆ."

"ಆಗಲಿ."

"ಈಗಲೇ ಹಾಕು. ಮತ್ತೆ ನಿನಗೆ ನೆನಪಿರುದಿಲ್ಲ."

ಅವನು ನೋಡುತ್ತಿದ್ದ. ಅವಳು ಡಬ್ಬಿ ತಂದು, ಅವನ ಕಣ್ಣೆದುರೇ, ಬೇಳೆ ಬರದ ಹಾಗೆ ಸೌಟನ್ನು ಓರೆ ಮಾಡಿ ಮೇಲಿನ ತಿಳಿಯನ್ನು ತುಂಬಿಸಿ ಮುಚ್ಚಳ ಒತ್ತಿದಳು. ಮುಚ್ಚಳ ಸರಿಯಾಗಿ ಕೂರಲಿಲ್ಲ.

"ಎಂತ ಅಕ್ಕ, ಭಾವನಿಗೆ ಪಾಯಸವೇ ಇಲ್ಲವಾ?" ಅವನು ಈಗ ಪಕ್ಕದ ಎಲೆ ನೋಡಿದ. "ಸಾರೂ ಬೀಳಲಿಲ್ಲ! ಗಂಡ ಹೆಂಡತಿ ಜಗಳವಾ? ಜಗಳ ಆದರೂ ಪಾಯಸಕ್ಕೆ ರಜೆ ಕೊಡಬಾರದು ಮಾರಾಯ್ತಿ."

ಈಶ್ವರಿ ಪಾಯಸದ ಪಾತ್ರೆ ಹಿಡಿದು ನಡುವೆ ನಿಂತಳು. ಶಿವಸುಬ್ರಹ್ಮಣ್ಯರು ಅವಳನ್ನು ನೋಡಿದರು. ಅವಳ ಮೋರೆಯನ್ನು, ಗೋಡೆಗೆ ಬಡಿಯುತ್ತಿದ್ದ ಅಂಗಿಯನ್ನು, ತುಂಬಿ ಮುಚ್ಚಿದ ಡಬ್ಬಿಯನ್ನು, ಮೈದುನನ ತೃಪ್ತಿಯ ಮೋರೆಯನ್ನು. ಎಷ್ಟೋ ಸಾವಿನ ಮನೆಗಳಿಗೆ ಹೋಗಿ ಬಂದ ಹಿರಿಯರು ಅವರು. ಅವರಿಗೆ ತಿಳಿಯಿತು. ತಿಳಿದದ್ದು ಅವಳಿಗೂ ತಿಳಿಯಿತು. ಈಗ ಎದ್ದು ಹೋಗುತ್ತಾರೆ ಎಂದುಕೊಂಡಳು.

"ಈಶ್ವರಿ" ಎಂದರು ಅವರು. "ನನಗೂ ಬಡಿಸು."

ಅವಳು ಕಲ್ಲಾಗಿ ನಿಂತಳು.

"ಬಡಿಸು. ಎರಡು ಸೌಟು."

ಗಣೇಶಪ್ರಸಾದ ತೊಡೆ ತಟ್ಟಿ ನಕ್ಕ. "ಅಯ್ಯೋ ದೇವರೇ, ಭಾವ ಎಲೆಯ ಮುಂದೆ ಮಾತಾಡಿದರು! ಅಕ್ಕಾ, ಪಾಯಸ ಅಂದರೆ ಇದು! ಋಷಿಯ ಬಾಯಿ ಬಿಡಿಸಿದೆಯಲ್ಲ!"

ಈಶ್ವರಿ ಬಗ್ಗಿ ಗಂಡನ ಎಲೆಗೆ ಪಾಯಸ ಬಡಿಸಿದಳು. ಒಂದು ಹನಿ ಕಣ್ಣೀರು ಸೌಟಿನ ಹಿಡಿಯ ಮೇಲೆ ಬಿತ್ತು. ಅವರು ಅದನ್ನು ಕಂಡೂ ಕಾಣದವರಂತೆ ಒಂದೊಂದೇ ತುತ್ತಾಗಿ ಎಲ್ಲವನ್ನೂ ಉಂಡರು. ಮೈದುನ ಮಜ್ಜಿಗೆ ಮುಗಿಸುವ ವರೆಗೆ ಎಲೆಯ ಮುಂದೆಯೇ ಕೂತಿದ್ದು, ಅವನ ಜತೆಗೇ ಎದ್ದರು.

ಹಿಂದಿನ ಅಂಗಳದ ನಳ್ಳಿಯಲ್ಲಿ ಗಣೇಶಪ್ರಸಾದ ಕೈ ತೊಳೆದು ಬಾಯಿ ಮುಕ್ಕಳಿಸಿದ. ದೊಡ್ಡದಾಗಿ ತೇಗಿದ. ಒರಸಲು ಬೈರಾಸಿಗಾಗಿ ಕೈ ಚಾಚಿ ಅಕ್ಕನ ಕಡೆಗೆ ತಿರುಗಿದ.

"ಗಣೇಶ, ರಂಜಿನಿ ಫೋನು ಮಾಡಿದ್ದಳು."

ಅವನ ಕೈ ಹಾಗೇ ನಿಂತಿತು. ನೀರು ಬೆರಳಿನಿಂದ ತೊಟ್ಟಿಕ್ಕುತ್ತಿತ್ತು. ಹೆಚ್ಚು ಹೇಳುವುದೇನೂ ಉಳಿದಿರಲಿಲ್ಲ.

"ಯಾವಾಗ?"

"ಸಾರು ಬಡಿಸುವ ಮೊದಲು."

"ಸಾರಿಗೆ ಮೊದಲಾ?" ಅವನು ಅರ್ಥವಾಗದವನಂತೆ ಕೇಳಿದ. "ಮತ್ತೆ ಕೊದಿಲು ಹಾಕಿದೆ. ಪಾಯಸ ಹಾಕಿದೆ. ಇನ್ನೂ ಹಾಕಿದೆ. ಮಜ್ಜಿಗೆ ಹಾಕಿದೆ." ಒಳಗಿನ ಕಡೆಗೆ ನೋಡಿ, "ಡಬ್ಬಿಗೂ ಹಾಕಿದೆಯಲ್ಲ ಅಕ್ಕ" ಎಂದ.

"ಅನ್ನದಿಂದ ನಿನ್ನನ್ನು ಎಬ್ಬಿಸಲಿಕ್ಕೆ ನನಗೆ ಆಗಲಿಲ್ಲ, ಗಣೇಶ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ನಳ್ಳಿಯ ಕೆಳಗಿದ್ದ ಬಾಲ್ದಿಯನ್ನು ಎತ್ತಿ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ಸುರಿದುಕೊಂಡ. ಮತ್ತೆ ತುಂಬಿಸಿದ, ಮತ್ತೆ ಸುರಿದುಕೊಂಡ. ಈಶ್ವರಿಯೂ ಮಿಂದಳು. ಶಿವಸುಬ್ರಹ್ಮಣ್ಯರೂ ಮಿಂದು, ದೇವರ ಕೋಣೆಯ ಬಾಗಿಲೆಳೆದು, ಕಾರು ಹೊರಗೆ ತಂದರು. ಅಡುಗೆಯೆಲ್ಲ ಇದ್ದಲ್ಲೇ ಉಳಿಯಿತು. ಬೆಳಿಗ್ಗೆಯಿಂದ ಈಶ್ವರಿ ಬಾಯಿಗೆ ಒಂದು ಹನಿ ನೀರನ್ನೂ ಹಾಕಿರಲಿಲ್ಲ. ಅತಿಥಿ ಉಂಡ ಮೇಲೆಯೇ ತನ್ನ ಊಟ ಎಂಬುದು ಅವಳ ಕ್ರಮ.

ಕುಂಬಳೆ ದಾಟಿ ಕಾರು ಸೀತಾಂಗೋಳಿಯ ಏರು ಹತ್ತಿತು. ಅವನು ಮುಂದಿನ ಸೀಟಿನಲ್ಲಿ ಹೊರಗೆ ನೋಡುತ್ತ ಕೂತಿದ್ದ. ಒಮ್ಮೆ ಮಾತ್ರ, ಯಾರಿಗೆ ಎಂದಿಲ್ಲದೆ, "ನಾನು ನಗ್ತಾ ಇದ್ದೆ. ಅಷ್ಟು ಹೊತ್ತಿಗೆ ಅಬ್ಬೆಯನ್ನು ನೆಲಕ್ಕೆ ಇಳಿಸಿ ಆಗಿತ್ತು" ಎಂದ.

ನೀರ್ಚಾಲಿನ ಮನೆಯಲ್ಲಿ ಅಂಗಳ ತುಂಬ ಜನ. ತಾಯಿಯನ್ನು ದರ್ಭೆ ಹಾಸಿ ತೆಂಕು ತಲೆಯಾಗಿ ಮಲಗಿಸಿದ್ದರು. ತಲೆಯ ಹತ್ತಿರ ದೀಪ. ನಾಲ್ಕು ವರ್ಷದಲ್ಲಿ ಅವಳು ಅಷ್ಟು ಸಣ್ಣವಳಾದದ್ದು ಈಶ್ವರಿಗೆ ಆಗಲೇ ಕಂಡದ್ದು. ಗಣೇಶಪ್ರಸಾದ ಕಾಲ ಬಳಿ ಕೂತು ಎರಡು ಪಾದಗಳನ್ನೂ ಅಂಗೈಯಲ್ಲಿ ಹಿಡಿದುಕೊಂಡ. ದಿನಾ ಬೆಳಿಗ್ಗೆ ಎಣ್ಣೆ ತಿಕ್ಕುವಾಗ ಹಿಡಿಯುತ್ತಿದ್ದ ಹಾಗೆ.

ಪುರೋಹಿತರು ಬಂದರು. ಕ್ರಿಯೆಗೆ ಕೂರುವ ಮಗನನ್ನು ಕರೆದು ಕ್ರಮದಂತೆ ಕೇಳಿದರು. "ಹೊಟ್ಟೆಗೆ ಎಂತಾದರೂ ಆಗಿದೆಯಾ?"

"ಊಟ ಆಗಿದೆ" ಎಂದ ಗಣೇಶಪ್ರಸಾದ.

ಹೆಂಗಸರ ನಡುವೆ ಕೂತಿದ್ದ ಚಿಕ್ಕಮ್ಮ, ತಾಯಿಯ ತಂಗಿ, ತಲೆ ಎತ್ತಿದಳು. ಅವಳದು ಹರಿತವಾದ ನಾಲಿಗೆ. "ಊಟವಾ? ಸೊಸೆ ಎಷ್ಟು ಹೊತ್ತಿಗೆ ಫೋನು ಮಾಡಿದ್ದಾಳೆ! ನಾವು ನೀರೂ ಕುಡಿಯದೆ ಕೂತಿದ್ದೇವೆ. ತಾಯಿ ಹೋದ ಸುದ್ದಿ ಬಂದ ಮೇಲೆ ಉಂಡದ್ದಾ, ಅಲ್ಲ ಬಡಿಸಿದವರು ಮುಚ್ಚಿಟ್ಟು ಬಡಿಸಿದ್ದಾ?"

ಎಲ್ಲರ ಕಣ್ಣು ಈಶ್ವರಿಯ ಕಡೆಗೆ ತಿರುಗಿತು. ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಶ್ರೀರಂಜಿನಿಯ ಕೈ ತಡೆಯಿತು. ಪುರೋಹಿತರು ಮೆತ್ತಗೆ, "ತಿಳಿಯದೆ ಆದದ್ದಾದರೆ ದೋಷ ಇಲ್ಲ. ತಿಳಿದು ಬಡಿಸಿದ್ದಾದರೆ ಬಡಿಸಿದವರಿಗೆ ಪ್ರಾಯಶ್ಚಿತ್ತ ಉಂಟು. ಅದಕ್ಕಾಗಿ ಕೇಳಿದೆ" ಎಂದರು.

ಈಶ್ವರಿಗೆ ಪ್ರಾಯಶ್ಚಿತ್ತದ ಭಯವಿರಲಿಲ್ಲ. ತಾಯಿಯ ಎದುರಿನಲ್ಲಿ ಸುಳ್ಳು ಹೇಳುವ ಮನಸ್ಸೂ ಇರಲಿಲ್ಲ. ಹೌದು, ನಾನೇ, ತಿಳಿದೇ ಬಡಿಸಿದೆ ಎಂದು ಹೇಳಲು ಅವಳು ಬಾಯಿ ತೆರೆದಳು. ಆಗ ತಮ್ಮ ತಲೆ ಎತ್ತಿ, ನಳ್ಳಿಯ ಬಳಿ ನಿಂತ ಮೇಲೆ ಮೊದಲ ಸಲ, ಅವಳನ್ನು ನೇರವಾಗಿ ನೋಡಿದ.

"ಅಕ್ಕನಿಗೆ ಗೊತ್ತಿರಲಿಲ್ಲ" ಎಂದ. "ಫೋನು ಸಿಕ್ಕಿದ್ದು ನಾನು ಕೈ ತೊಳೆದ ಮೇಲೆ."

ಶ್ರೀರಂಜಿನಿ ಬಗ್ಗಿ ಬತ್ತಿ ಸರಿಮಾಡಿದಳು. ಶಿವಸುಬ್ರಹ್ಮಣ್ಯರು ನೆಲ ನೋಡಿದರು. ಚಿಕ್ಕಮ್ಮ ಮೂಗಿನಲ್ಲೇ ಏನೋ ಅಂದು ಸುಮ್ಮನಾದಳು. ಈಶ್ವರಿಯ ತೆರೆದ ಬಾಯಿಯಿಂದ ಅಳು ಬಂತು. ಮಧ್ಯಾಹ್ನದಿಂದ ತಡೆದದ್ದೆಲ್ಲ ಒಟ್ಟಿಗೆ ಬಂತು. ತಾಯಿಯ ಪಕ್ಕದಲ್ಲಿ ನೆಲಕ್ಕೆ ಹಣೆಯಿಟ್ಟು ಅವಳು ಸ್ವರ ತೆಗೆದು ಅತ್ತಳು.

ಗಂಡಸರು ತಾಯಿಯನ್ನು ಎತ್ತಿಕೊಂಡು ಗುಡ್ಡದ ಬದಿಗೆ ಹೋದರು. ಹೆಂಗಸರು ಮನೆ ತೊಳೆದರು. ಒಳಗಿನ ಕೋಣೆಯ ಮಂಚವನ್ನು ಹೊರಗೆ ಹಾಕುವಾಗ ಶ್ರೀರಂಜಿನಿ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಳು. ಬಿಸಿಲು ಇಳಿದ ಮೇಲೆ ಗಂಡಸರು ಒದ್ದೆ ಬಟ್ಟೆಯಲ್ಲಿ ಮರಳಿ ಬಂದರು. ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ನೆರೆಮನೆಯಿಂದ ಗಂಜಿ ಮತ್ತು ಚಟ್ನಿ ಬಂತು. ಒಳಗೆ ಬಟ್ಟಲುಗಳ ಸದ್ದಾಯಿತು. ಯಾರೂ ಹೆಚ್ಚು ಮಾತಾಡದೆ, ತಲೆ ತಗ್ಗಿಸಿ, ಬಿಸಿ ಗಂಜಿಯನ್ನು ಊದಿ ಊದಿ ಕುಡಿಯತೊಡಗಿದರು. ಕ್ರಿಯೆಗೆ ಕೂತವನಿಗೆ ಮಾತ್ರ ಆ ದಿನ ಉಪವಾಸ.

ಗಣೇಶಪ್ರಸಾದ ಜಗಲಿಯ ಕೊನೆಯಲ್ಲಿ ಚಾಪೆಯ ಮೇಲೆ ಕೂತಿದ್ದ. ಈಶ್ವರಿ ಹೋಗಿ ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿದಳು.

"ನನ್ನನ್ನು ಯಾಕೆ ಉಳಿಸಿದೆ?" ಎಂದು ಕೇಳಿದಳು. "ನಾನು ಹೇಳುವವಳಿದ್ದೆ."

ಒಳಗಿನಿಂದ ಯಾರೋ ಇನ್ನೂ ಸ್ವಲ್ಪ ಗಂಜಿ ಕೇಳಿದ ಸದ್ದು ಬಂತು.

"ಅವರೆಲ್ಲ ಹಸಿದಿದ್ದಾರೆ ಅಕ್ಕ" ಎಂದ ಅವನು. "ಚಿಕ್ಕಮ್ಮ ಬೆಳಿಗ್ಗೆಯ ದೋಸೆಯಲ್ಲೇ ಇದ್ದಾಳೆ. ರಂಜಿನಿಗೆ ನಿಂತುಕೊಳ್ಳಲು ಆಗುದಿಲ್ಲ. ಅಬ್ಬೆಗೆ ಬೆಂಕಿ ಇಡುವಾಗ ಅಲ್ಲಿದ್ದವರಲ್ಲಿ ಹೊಟ್ಟೆ ತುಂಬಿದವ ನಾನೊಬ್ಬನೇ. ಇಷ್ಟು ಹೊತ್ತಾಯಿತು. ನನಗೆ ಇನ್ನೂ ಹಸಿವೇ ಆಗುದಿಲ್ಲ."

ಊಟ ಸಾಕೆಂದವರಿಗೆ ಏನು ಹೇಳಬೇಕು, ಬೇಡವೆಂದವರಿಗೆ ಏನು ಹೇಳಬೇಕು, ನಾಚಿಕೆಯಿಂದ ಕೈ ಹಿಂದೆಳೆದವರಿಗೆ ಏನು ಹೇಳಬೇಕು ಎಂದು ಈಶ್ವರಿಗೆ ಗೊತ್ತಿತ್ತು. ಇದಕ್ಕೆ ಅವಳಲ್ಲಿ ಮಾತಿರಲಿಲ್ಲ.

"ಈಶ್ವರಿ, ಗಂಜಿ ತಣಿಯುತ್ತದೆ, ಬಾ" ಎಂದು ಒಳಗಿನಿಂದ ಚಿಕ್ಕಮ್ಮ ಕರೆದಳು.

"ಹೋಗು. ಬೆಳಿಗ್ಗೆಯಿಂದ ನಿನಗೆ ಎಂತದೂ ಇಲ್ಲ" ಎಂದ ತಮ್ಮ.

ಅವಳು ಹೋಗಲಿಲ್ಲ. ತಮ್ಮನಿಗೆ ಹಸಿವಾಗುವುದನ್ನು ಕಾಯುತ್ತ ಅಲ್ಲಿಯೇ ಕೂತಳು.